ಬಿ.ಕಾಂ. ಮುಗಿದ ಮೇಲಿನ ಮೂರು ವರ್ಷ

ಪ್ರತಿ ವರ್ಷ ಪದವಿ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ನನಗೆ ಬರುವ ದೂರವಾಣಿ ಕರೆಗಳಲ್ಲಿ ಅರ್ಧದಷ್ಟು ಒಂದೇ ವಿಷಯದ ಕುರಿತಾಗಿರುತ್ತವೆ. "ಸರ್, ಮಗನದ್ದು ಬಿ.ಕಾಂ. ಮುಗಿಯಿತು. ಎಂ.ಬಿ.ಎ.ಗೆ ಸೇರಿಸೋಣ ಅಂತಿದ್ದೇವೆ. ಯಾವ ಕಾಲೇಜು ಆಗಬಹುದು?" ಕೇಳುವವರು ಒಂದು ಕಾಲದಲ್ಲಿ ನನ್ನೆದುರಿನ ಬೆಂಚಿನಲ್ಲಿ ಕುಳಿತು ಬೀಜಗಣಿತ ಕಲಿತವರು, ಇಲ್ಲವೇ ನಮ್ಮ ಬಂಧುಗಳು. ಎಂ.ಬಿ.ಎ. ಮಾಡಿಸಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಆ ತೀರ್ಮಾನ ಮನೆಯಲ್ಲಿ ಎಂದೋ ಆಗಿರುತ್ತದೆ. ಕಾಲೇಜಿನ ಹೆಸರೊಂದು ಮಾತ್ರ ಬಾಕಿ ಇರುತ್ತದೆ. ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು, ವಾಣಿಜ್ಯಶಾಸ್ತ್ರ ಕಲಿಸಿದವನಲ್ಲ. ಆದರೆ ನನ್ನಲ್ಲಿ ಓದಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಕಾಮರ್ಸ್ ತೆಗೆದುಕೊಂಡು ಹೋದವರು. ಅವರ ಹಿಂದಿನ ಇಪ್ಪತ್ತು, ಇಪ್ಪತ್ತೈದು ವರ್ಷಗಳನ್ನು ಹತ್ತಿರದಿಂದ ನೋಡುತ್ತ ಬಂದಿದ್ದೇನೆ. ಆ ಆಧಾರದ ಮೇಲೆ ನನಗೆ ದೃಢವಾಗಿ ಅನಿಸಿರುವುದನ್ನು ಒಮ್ಮೆ ವಿವರವಾಗಿ ಬರೆದುಬಿಡೋಣವೆಂದು ಕುಳಿತಿದ್ದೇನೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಬೇರೆ ಬೇರೆಯಾಗಿ ಹೇಳುವಷ್ಟು ಉಸಿರು ಈಗ ನನ್ನಲ್ಲಿಲ್ಲ!

ನನ್ನ ಅಭಿಪ್ರಾಯ ಇಷ್ಟು. ಬಿ.ಕಾಂ. ಮುಗಿಸಿದ ಹುಡುಗನಾಗಲಿ ಹುಡುಗಿಯಾಗಲಿ ಕೂಡಲೇ ಸಾಲ ಮಾಡಿ ಎಂ.ಬಿ.ಎ.ಗೆ ಹೋಗಬಾರದು. ಮೊದಲ ಮೂರು ವರ್ಷ ಎಲ್ಲಾದರೂ ಒಂದು ಕಡೆ, ಸಣ್ಣ ಕಚೇರಿಯಾದರೂ ಸರಿ, ಲೆಕ್ಕದ ಪುಸ್ತಕದ ಮುಂದೆ ಕುಳಿತು ಕೆಲಸ ಮಾಡಬೇಕು. ಆ ಮೂರು ವರ್ಷಗಳೇ ಅವರ ನಿಜವಾದ ವಾಣಿಜ್ಯ ಪದವಿ. ಈ ಮಾತನ್ನು ಒಪ್ಪದವರು ಬಹಳ ಮಂದಿ ಇದ್ದಾರೆಂದು ನನಗೆ ಗೊತ್ತು. ಅವರ ಆಕ್ಷೇಪಣೆಗಳಲ್ಲಿ ಕೆಲವು ನ್ಯಾಯವಾದವೂ ಹೌದು. ಅವುಗಳಿಗೂ ಬರುತ್ತೇನೆ.

ಮೊದಲು ಈ ಎಂ.ಬಿ.ಎ. ಆತುರ ಎಲ್ಲಿಂದ ಹುಟ್ಟುತ್ತದೆ ಎಂದು ನೋಡೋಣ. ನನ್ನ ದೃಷ್ಟಿಯಲ್ಲಿ ಇದು ಹುಟ್ಟುವುದು ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ. ಹೆಚ್ಚು ಅಂಕ ಬಂದವರು ವಿಜ್ಞಾನಕ್ಕೆ, ನಡುವಿನವರು ಕಾಮರ್ಸಿಗೆ, ಉಳಿದವರು ಕಲೆಗೆ ಎಂಬ ಒಂದು ಜಾತಿಪದ್ಧತಿಯನ್ನು ನಮ್ಮ ಸಮಾಜ ಮಾಡಿಟ್ಟುಕೊಂಡಿದೆ. ಚೆನ್ನಾಗಿ ಓದುವ ಹುಡುಗಿಯೊಬ್ಬಳು ತಾನಾಗಿಯೇ ಕಾಮರ್ಸ್ ಕೇಳಿದರೆ "ಏನು, ಮಾರ್ಕ್ಸ್ ಕಡಿಮೆ ಬಂತಾ?" ಎಂದು ನೆಂಟರು ಕನಿಕರದಿಂದ ವಿಚಾರಿಸುತ್ತಾರೆ. ಅಲ್ಲಿಂದ ಮುಂದೆ ಐದು ವರ್ಷ, ಪಿ.ಯು.ಸಿ.ಯ ಎರಡು ಮತ್ತು ಪದವಿಯ ಮೂರು, ಆ ಮಗು "ಬರೀ ಬಿ.ಕಾಂ." ಎಂಬ ಮಾತನ್ನು ಕೇಳುತ್ತಲೇ ಬೆಳೆಯುತ್ತದೆ. "ಬರೀ" ಎಂಬ ಆ ಎರಡಕ್ಷರವನ್ನು ಅಳಿಸಿಹಾಕುವುದಕ್ಕಾಗಿಯೇ ಅನೇಕ ತಂದೆತಾಯಿಗಳು ಎಂಟು ಹತ್ತು ಲಕ್ಷ ಖರ್ಚು ಮಾಡುತ್ತಾರೆ. ವಿದ್ಯೆಗಾಗಿ ಅಲ್ಲ, ಮದುವೆಯ ಮನೆಯಲ್ಲಿ ಯಾರಾದರೂ ಕೇಳಿದಾಗ ಹೇಳುವುದಕ್ಕೆ ಮೂರು ಅಕ್ಷರ ಬೇಕೆಂದು.

ಈ ತಾತ್ಸಾರ ನಮ್ಮ ನಾಡಿನಲ್ಲಿ ಇರುವುದಂತೂ ಬಹಳ ವಿಚಿತ್ರ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು ಆರಂಭವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು; ಅದೇ ವರ್ಷ ವಾಣಿಜ್ಯೋದ್ಯಮಿಗಳ ಸಂಸ್ಥೆಯೂ ಹುಟ್ಟಿತು. ಅಣೆಕಟ್ಟು ಕಟ್ಟಿದ ಆ ಇಂಜಿನಿಯರರಿಗೆ ಬ್ಯಾಂಕು, ವ್ಯಾಪಾರ, ವಿದ್ಯೆ ಮೂರೂ ಒಟ್ಟಿಗೆ ಸಾಗಬೇಕೆಂಬುದು ಸ್ಪಷ್ಟವಾಗಿತ್ತು. ಕರಾವಳಿಯ ಕಡೆ ನೋಡಿದರೆ ಇನ್ನೂ ಆಶ್ಚರ್ಯ. 1906ರ ಒಂದೇ ವರ್ಷದಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಷನ್ ಬ್ಯಾಂಕು. ಆಮೇಲೆ 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದು ಸಣ್ಣ ಕರಾವಳಿ ಜಿಲ್ಲೆಯಿಂದ ಇಷ್ಟು ಬ್ಯಾಂಕುಗಳು! ಇವುಗಳನ್ನು ನಡೆಸಿದ ಮೊದಲ ತಲೆಮಾರಿನ ಗುಮಾಸ್ತರು, ಮ್ಯಾನೇಜರುಗಳು ವ್ಯವಹಾರ ಕಲಿತದ್ದು ಬಹುಮಟ್ಟಿಗೆ ಕೌಂಟರಿನ ಹಿಂದೆ ನಿಂತು. ಲೆಕ್ಕ ಬರೆಯುವ ಕೆಲಸವನ್ನು ಕೀಳೆಂದು ಅವರು ಎಣಿಸಿದ್ದರೆ ಆ ಬ್ಯಾಂಕುಗಳು ಒಂದು ವರ್ಷವೂ ಬಾಳುತ್ತಿರಲಿಲ್ಲ.

ಆ ಬ್ಯಾಂಕುಗಳೇ ನಮ್ಮ ಊರಿನ ಬಿ.ಕಾಂ. ಮಕ್ಕಳಿಗೆ ದೀರ್ಘಕಾಲ ಆಸರೆಯಾಗಿದ್ದವು ಎನ್ನುವುದನ್ನು ಹಳೆಯ ವಿದ್ಯಾರ್ಥಿಗಳು ಬಲ್ಲರು. 1980ರ ದಶಕದಲ್ಲಿ ನಮ್ಮ ಶಾಲೆಯಿಂದ ಹೋದವರಿಗೆ ಪದವಿ ಮುಗಿಸುವುದು, ಬ್ಯಾಂಕಿಂಗ್ ನೇಮಕಾತಿ ಮಂಡಳಿಯ ಪರೀಕ್ಷೆ ಬರೆಯುವುದು, ಕ್ಲರ್ಕ್ ಆಗುವುದು ಒಂದು ನೇರ ದಾರಿ. ಆಮೇಲೆ ಗಣಕಯಂತ್ರ ಬಂತು, ನೇಮಕಾತಿ ಇಳಿಯಿತು. 2011ರಿಂದ ಐ.ಬಿ.ಪಿ.ಎಸ್. ಎಂಬ ಒಂದೇ ಸಂಸ್ಥೆಯ ಸಾಮಾನ್ಯ ಪರೀಕ್ಷೆ ಬಂದಿತು. ಇಂಜಿನಿಯರಿಂಗ್ ಮುಗಿಸಿದವರೂ ಅದೇ ಸಾಲಿನಲ್ಲಿ ಬಂದು ನಿಂತರು. 2017ರಲ್ಲಿ ಮೈಸೂರು ಬ್ಯಾಂಕು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಈಗಲೂ ಬರೆಯುವವರು ಬರೆಯಲಿ, ನಾನು ಬೇಡವೆನ್ನುವುದಿಲ್ಲ. ಆದರೆ ನಾಲ್ಕು ವರ್ಷ ಕೋಚಿಂಗ್ ತರಗತಿಯಲ್ಲೇ ಕಳೆದು ಇಪ್ಪತ್ತೈದಕ್ಕೆ ಬರಿಗೈಯಲ್ಲಿ ಹೊರಬಂದವರನ್ನೂ ನೋಡಿದ್ದೇನೆ. ಕೆಲಸ ಮಾಡುತ್ತ ಪರೀಕ್ಷೆ ಬರೆದವರಿಗೆ ಕನಿಷ್ಠ ಕೆಲಸವಾದರೂ ಉಳಿಯಿತು.

ಇನ್ನು ಮೂರು ವರ್ಷದ ಪದವಿಯಲ್ಲಿ ಏನು ಕಲಿಯುತ್ತಾರೆ? ಕಾಲೇಜಿನ ಅಧ್ಯಾಪಕರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತಾಲ್ಲೂಕು ಊರಿನ ಕಾಲೇಜುಗಳಲ್ಲಿ ಕಷ್ಟಪಟ್ಟು ಪಾಠ ಮಾಡುವವರನ್ನು ಬಲ್ಲೆ. ಆದರೆ ಅವರಲ್ಲಿ ಬಹಳ ಮಂದಿ ಅತಿಥಿ ಉಪನ್ಯಾಸಕರು. ವರ್ಷದಲ್ಲಿ ಕೆಲವೇ ತಿಂಗಳು ಸಂಬಳ, ಮುಂದಿನ ವರ್ಷ ಇರುತ್ತೇವೋ ಇಲ್ಲವೋ ತಿಳಿಯದು. ಇದರ ಜೊತೆಗೆ ಪಠ್ಯಕ್ರಮದ ಕುಣಿತ. 2021ರಲ್ಲಿ ಹೊಸ ಶಿಕ್ಷಣ ನೀತಿಯೆಂದು ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವೆ ಸಿಕ್ಕಿಕೊಂಡ ಮಕ್ಕಳು ಯಾವ ಪುಸ್ತಕ ಕೊಳ್ಳಬೇಕೆಂದು ತಿಳಿಯದೆ ಸೀನಿಯರುಗಳ ಗೈಡುಗಳನ್ನು ಹುಡುಕಿಕೊಂಡು ಅಲೆದರು. ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗು ಅಢಾವೆ ಪತ್ರಿಕೆ, ಸವಕಳಿ, ತಾಳೆಪಟ್ಟಿ ಎಂಬ ಪದಗಳನ್ನು ಪಿ.ಯು.ಸಿ.ಯಲ್ಲಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಪದವಿಯಲ್ಲಿ ಎಲ್ಲವೂ ಇಂಗ್ಲಿಷಿಗೆ ತಿರುಗುತ್ತದೆ. ಆಗ ಅರ್ಥ ಮಾಡಿಕೊಳ್ಳುವುದನ್ನು ಬಿಟ್ಟು ಬಾಯಿಪಾಠಕ್ಕೆ ಶರಣು. ಮೂರು ವರ್ಷದಲ್ಲಿ ನೂರಾರು ಲೆಕ್ಕ ಬಿಡಿಸಿರುತ್ತಾರೆ. ಎಲ್ಲ ಲೆಕ್ಕದಲ್ಲೂ ಅಂಕಿಗಳು ಸಿದ್ಧವಾಗಿ ಪ್ರಶ್ನೆಪತ್ರಿಕೆಯಲ್ಲೇ ಕೊಟ್ಟಿರುತ್ತವೆ. ನಿಜವಾದ ಕಚೇರಿಯಲ್ಲಿ ಅಂಕಿಗಳನ್ನು ಯಾರೂ ಹಾಗೆ ಜೋಡಿಸಿ ಕೊಡುವುದಿಲ್ಲ. ಅವು ಹರಿದ ಬಿಲ್ಲಿನಲ್ಲಿ, ಡ್ರೈವರನ ಜೇಬಿನ ಚೀಟಿಯಲ್ಲಿ, ಮಾಲೀಕನ ನೆನಪಿನಲ್ಲಿ ಚದುರಿಕೊಂಡಿರುತ್ತವೆ. ಅವುಗಳನ್ನು ಹುಡುಕಿ ತರುವುದೇ ಅರ್ಧ ಕೆಲಸ. ಅದು ಯಾವ ಸೆಮಿಸ್ಟರಿನಲ್ಲೂ ಇಲ್ಲ.

ಇಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ವಿಷಯ ಹೇಳಬೇಕು. ಹೆಸರು ಬರೆಯುವುದಿಲ್ಲ, ಅವಳಿಗೆ ಸಂಕೋಚ. ಅವಳ ತಂದೆ ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಕಿರ್ದಿ ಪುಸ್ತಕದಲ್ಲಿ ಮುತ್ತಿನಂತಹ ಅಕ್ಷರದಲ್ಲಿ ಜಮಾ ಖರ್ಚು ಬರೆಯುತ್ತಿದ್ದವರು. ಯಾರ ಅಡಿಕೆ ಎಷ್ಟು ಮೂಟೆ ಬಂತು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಮುಂಗಡ ಎಷ್ಟು ಕೊಟ್ಟಿದೆ, ಬಡ್ಡಿ ಎಷ್ಟಾಯಿತು ಎಲ್ಲವೂ ಅದರಲ್ಲಿ ಇರುತ್ತಿತ್ತು. ಆ ಮಂಡಿಯಲ್ಲಿ ಒಂದು ಕಟ್ಟುನಿಟ್ಟು. ಬರೆದದ್ದನ್ನು ಅಳಿಸುವಂತಿಲ್ಲ, ಮೇಲೆ ತಿದ್ದಿ ಗೀಚುವಂತಿಲ್ಲ. ತಪ್ಪಾದರೆ ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ರುಜು ಹಾಕಬೇಕು. ಮಗಳು ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದು, ಎಲ್ಲರ ವಿರೋಧದ ನಡುವೆ ಕಾಮರ್ಸ್ ಸೇರಿದಳು. 2014ರಲ್ಲಿ ಬಿ.ಕಾಂ. ಮುಗಿಸಿದಳು. ಎಂ.ಬಿ.ಎ.ಗೆ ಕಳಿಸುವ ಶಕ್ತಿ ತಂದೆಗೆ ಇರಲಿಲ್ಲ. ಬೆಂಗಳೂರಿನಲ್ಲಿ ಒಬ್ಬ ಲೆಕ್ಕಪರಿಶೋಧಕರ ಸಣ್ಣ ಕಚೇರಿಯಲ್ಲಿ ತಿಂಗಳಿಗೆ 8,000 ರೂಪಾಯಿ ಸಂಬಳಕ್ಕೆ ಸೇರಿಕೊಂಡಳು. ಇಬ್ಬರು ಹುಡುಗಿಯರು, ಒಬ್ಬ ಹಿರಿಯ ಗುಮಾಸ್ತರು, ಛಾವಣಿಯವರೆಗೂ ಫೈಲುಗಳು.

ಮೊದಲ ವರ್ಷ ಅವಳು ಊರಿಗೆ ಬಂದಾಗಲೆಲ್ಲ ಕಣ್ಣೀರು. "ಸರ್, ಓದಿದ್ದು ಒಂದೂ ಉಪಯೋಗಕ್ಕೆ ಬರುತ್ತಿಲ್ಲ. ದಿನವಿಡೀ ಬಿಲ್ಲು ಜೋಡಿಸುವುದು, ಟ್ಯಾಲಿಯಲ್ಲಿ ಹಾಕುವುದು" ಎನ್ನುತ್ತಿದ್ದಳು. (ಟ್ಯಾಲಿ ಎಂಬ ಆ ತಂತ್ರಾಂಶ ನಮ್ಮ ಬೆಂಗಳೂರಿನದೇ, 1986ರಿಂದ ಇದೆ. ದೇಶದ ಸಣ್ಣ ವ್ಯಾಪಾರಿಗಳಲ್ಲಿ ಅದನ್ನು ಬಳಸುವವರು ಬಹಳ ಮಂದಿ. ಆದರೂ ಎಷ್ಟೋ ಮಕ್ಕಳು ಪದವಿ ಮುಗಿಯುವವರೆಗೆ ಅದನ್ನು ಮುಟ್ಟಿರುವುದಿಲ್ಲ.) ಎರಡನೆಯ ವರ್ಷದ ಹೊತ್ತಿಗೆ ಮಾತಿನ ಧಾಟಿ ಬದಲಾಯಿತು. ಒಂದು ದೀಪಾವಳಿಯ ರಜೆಯಲ್ಲಿ ಬಂದವಳು ಹಿರಿಯ ಗುಮಾಸ್ತರು ಕಲಿಸಿದ ಒಂದು ಉಪಾಯವನ್ನು ನನಗೆ ಹೇಳಿದಳು. ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಬೇಕಂತೆ. ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಅಂಕಿಗಳು ಹಿಂದುಮುಂದಾಗಿವೆ ಎಂದು ಅನುಮಾನಿಸಬಹುದು. 630ರ ಬದಲು 360 ಬರೆದರೆ ವ್ಯತ್ಯಾಸ 270. 9ರಿಂದ ಸರಿಯಾಗಿ ಭಾಗವಾಗುತ್ತದೆ. ಹಾಗಾಗದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತವನ್ನು ಹುಡುಕಬೇಕು. ಜಮಾ ಕಡೆ ಬರೆಯಬೇಕಾದದ್ದು ಖರ್ಚಿನ ಕಡೆ ಬಿದ್ದಿರುತ್ತದೆ. ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಕಲಿಸಿದ 9ರ ಭಾಜ್ಯತೆಯ ನಿಯಮ ಹೀಗೆ ಒಂದು ಕಚೇರಿಯಲ್ಲಿ ಕಳೆದುಹೋದ ಹಣವನ್ನು ಹುಡುಕಿಕೊಡುತ್ತಿದೆ ಎಂದು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆಮೇಲೆ 2017ರ ಜುಲೈ 1 ಬಂತು. 2005ರಿಂದ ರಾಜ್ಯದಲ್ಲಿದ್ದ ಮೌಲ್ಯವರ್ಧಿತ ತೆರಿಗೆ ಹೋಗಿ ಜಿ.ಎಸ್.ಟಿ. ಜಾರಿಯಾಯಿತು. ಅವಳು ಕಾಲೇಜಿನಲ್ಲಿ ಓದಿದ್ದ ತೆರಿಗೆ ಪಾಠದ ಬಹುಭಾಗ ಒಂದೇ ರಾತ್ರಿಯಲ್ಲಿ ಹಳೆಯ ಕಾಗದವಾಯಿತು. ಆದರೆ ಯಾವ ವ್ಯಾಪಾರಿ ಯಾವ ಬಿಲ್ಲನ್ನು ಎಲ್ಲಿ ಇಡುತ್ತಾನೆ, ಯಾವುದನ್ನು ಮುಚ್ಚಿಡುತ್ತಾನೆ ಎಂದು ಮೂರು ವರ್ಷ ನೋಡಿ ತಿಳಿದವಳಿಗೆ ಹೊಸ ಕಾನೂನು ಹೊಸ ಭಾಷೆಯಾಗಿ ಕಾಣಲಿಲ್ಲ. ಬೇರೆಯವರು ತಬ್ಬಿಬ್ಬಾಗಿದ್ದ ಆ ಆರು ತಿಂಗಳಲ್ಲಿ ಅವಳು ಕಚೇರಿಯ ಬೆನ್ನೆಲುಬಾದಳು. ಮರುವರ್ಷ ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆ ಅವಳನ್ನು ಮೂರು ಪಟ್ಟು ಸಂಬಳಕ್ಕೆ ಕರೆಯಿತು. ಇಂದು ಅಲ್ಲಿನ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ. ತಿಂಗಳ 7ರೊಳಗೆ ಮೂಲದಲ್ಲಿ ಕಡಿತ ಮಾಡಿದ ತೆರಿಗೆ, 11ರೊಳಗೆ ಮಾರಾಟದ ವಿವರ, 15ರೊಳಗೆ ಭವಿಷ್ಯನಿಧಿ, 20ರೊಳಗೆ ಜಿ.ಎಸ್.ಟಿ. ಎಂದು ಅವಳ ತಿಂಗಳು ನಾಲ್ಕು ದಿನಾಂಕಗಳ ಸುತ್ತ ತಿರುಗುತ್ತದೆ. ನಮ್ಮ ಅಜ್ಜಿಗೆ ಏಕಾದಶಿ, ಸಂಕಷ್ಟಿ ಹೇಗೋ ಹಾಗೆ!

ಇನ್ನೊಂದು ವಿಷಯ. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಮಾಡಿದ ಪ್ರತಿಯೊಂದು ತಿದ್ದುಪಡಿಯೂ ದಿನಾಂಕದ ಸಮೇತ ದಾಖಲಾಗಬೇಕು, ಆ ದಾಖಲೆಯನ್ನು ಯಾರೂ ನಿಲ್ಲಿಸುವಂತಿರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದನ್ನು ತನ್ನ ಕೈಕೆಳಗಿನ ಹುಡುಗರಿಗೆ ವಿವರಿಸುವಾಗ ಅವಳು ತಂದೆಯ ಮಂಡಿಯ ಕಟ್ಟಳೆಯನ್ನೇ ಹೇಳಿದಳಂತೆ: ಅಳಿಸಬೇಡ, ಗೆರೆ ಎಳೆ, ರುಜು ಹಾಕು. ದೆಹಲಿಯ ಕಾನೂನು ಈಗ ತಲುಪಿದ ಜಾಗಕ್ಕೆ ಸಾಗರದ ಮಂಡಿಯ ಗುಮಾಸ್ತರು ಎಂದೋ ತಲುಪಿದ್ದರು.

ಅದೇ ವರ್ಷದ ತಂಡದ ಇನ್ನೊಬ್ಬ ಹುಡುಗನದು ಬೇರೆ ದಾರಿ. ಅವನೂ ಬುದ್ಧಿವಂತ, ಬಹುಶಃ ಅವಳಿಗಿಂತ ಚುರುಕು. ಬಿ.ಕಾಂ. ಮುಗಿದ ತಿಂಗಳೊಳಗೆ ಬೆಂಗಳೂರಿನ ಹೊರವಲಯದ ಒಂದು ಎಂ.ಬಿ.ಎ. ಕಾಲೇಜಿಗೆ ಸೇರಿದ. ಗಾಜಿನ ಕಟ್ಟಡ, ಟೈ, ಕೋಟು. ಶುಲ್ಕ, ಹಾಸ್ಟೆಲು ಸೇರಿ ಎಂಟು ಲಕ್ಷ. ಏಳೂವರೆ ಲಕ್ಷ ಮೀರಿದ ಶೈಕ್ಷಣಿಕ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ಹಾಗೆ ಅವನ ಮನೆಯ ಒಂದೂವರೆ ಎಕರೆ ತೋಟದ ಪತ್ರ ಬ್ಯಾಂಕಿಗೆ ಹೋಯಿತು. ಎರಡು ವರ್ಷದ ನಂತರ ಸಿಕ್ಕಿದ ಕೆಲಸ ಮನೆಮನೆಗೆ ಹೋಗಿ ವಿಮೆ ಮಾರುವುದು. ಸಂಬಳದಲ್ಲಿ ಅರ್ಧಕ್ಕರ್ಧ ಗುರಿ ಮುಟ್ಟಿದರೆ ಮಾತ್ರ. ಆ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಎಂಟು ಲಕ್ಷ ಖರ್ಚು ಮಾಡಬೇಕಿತ್ತೇ ಎನ್ನುವುದಷ್ಟೇ ಪ್ರಶ್ನೆ.

ಗಣಿತದ ಮೇಷ್ಟ್ರಾದ್ದರಿಂದ ಲೆಕ್ಕ ಹಾಕದೆ ಬಿಡಲಾರೆ. ಎಂಟು ಲಕ್ಷ ಅಸಲು, ಶೇಕಡಾ 11 ಬಡ್ಡಿ, ಏಳು ವರ್ಷದ ಕಂತು ಎಂದುಕೊಳ್ಳಿ. ತಿಂಗಳ ಕಂತು ಸುಮಾರು 13,700 ರೂಪಾಯಿ. ಏಳು ವರ್ಷದಲ್ಲಿ ಒಟ್ಟು ಹನ್ನೊಂದೂವರೆ ಲಕ್ಷ ಕಟ್ಟಿದ ಹಾಗಾಯಿತು. ಓದುವ ಎರಡು ವರ್ಷದಲ್ಲಿ ಬೆಳೆದ ಬಡ್ಡಿ ಇದರಲ್ಲಿ ಸೇರಿಲ್ಲ. ಇಪ್ಪತ್ತುಮೂರರ ಹುಡುಗನೊಬ್ಬ ತಿಂಗಳಿಗೆ 13,700 ಕಟ್ಟಲೇಬೇಕು ಎಂದಾದರೆ ಅವನು ಯಾವ ಕೆಲಸವನ್ನೂ ಬಿಡಲಾರ, ಯಾವ ಹೊಸದನ್ನೂ ಕಲಿಯಲಾರ, ಯಾವ ಅನ್ಯಾಯಕ್ಕೂ ಇಲ್ಲವೆನ್ನಲಾರ. ಹಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇದು. ವಯಸ್ಸಿನಲ್ಲಿ ಅತ್ಯಂತ ಸ್ವತಂತ್ರವಾಗಿರಬೇಕಾದ ವರ್ಷಗಳಲ್ಲಿ ಅವನನ್ನು ನಾವೇ ಕಟ್ಟಿಹಾಕುತ್ತೇವೆ.

"ಬೆಂಗಳೂರಿನಲ್ಲಿ ಎಂಟೋ ಹತ್ತೋ ಸಾವಿರದಲ್ಲಿ ಬದುಕುವುದು ಹೇಗೆ ಸರ್?" ಎಂದು ಕೇಳುವಿರಿ. ಸರಿಯಾದ ಪ್ರಶ್ನೆ. ಬದುಕಲಾಗುವುದಿಲ್ಲ. ಪಿ.ಜಿ.ಯ ಬಾಡಿಗೆಗೇ ಅದು ಸರಿಹೋಗುತ್ತದೆ. ಮನೆಯಿಂದ ತಿಂಗಳಿಗೆ ಐದು ಸಾವಿರ ಕಳಿಸಬೇಕಾಗುತ್ತದೆ. ಮೂರು ವರ್ಷಕ್ಕೆ ಅದು 1,80,000 ರೂಪಾಯಿ. ಎಂಟು ಲಕ್ಷದ ಸಾಲಕ್ಕೆ ಸಿದ್ಧರಾಗುವ ತಂದೆತಾಯಿಗಳು ಕೆಲಸಕ್ಕೆ ಸೇರಿದ ಮಗನಿಗೆ ಐದು ಸಾವಿರ ಕಳಿಸುವುದೆಂದರೆ ಮುಖ ಸಣ್ಣದು ಮಾಡುತ್ತಾರೆ. "ದುಡಿಯುವವನಿಗೂ ನಾವೇ ಕೊಡಬೇಕಾ?" ಎನ್ನುತ್ತಾರೆ. ಅದನ್ನೇ ಶುಲ್ಕವೆಂದು ತಿಳಿಯಿರಿ ಎನ್ನುತ್ತೇನೆ ನಾನು. ಬೆಂಗಳೂರೇ ಆಗಬೇಕೆಂದೂ ಇಲ್ಲ. ಶಿವಮೊಗ್ಗದಲ್ಲಿ, ಹುಬ್ಬಳ್ಳಿಯಲ್ಲಿ, ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರರ ಕಚೇರಿಗಳಿಲ್ಲವೆ? ನಮ್ಮಲ್ಲೇ 1939ರಿಂದ ನಡೆದುಬಂದಿರುವ ಮಾಮ್ಕೋಸ್ ಇದೆ, ಶಿರಸಿಯಲ್ಲಿ 1923ರ ತೋಟಗಾರರ ಸೊಸೈಟಿ ಇದೆ. ಸಹಕಾರಿ ಸಂಘದ ಲೆಕ್ಕ ಅರ್ಥವಾದವನಿಗೆ ಯಾವ ಕಂಪನಿಯ ಲೆಕ್ಕವೂ ಅರ್ಥವಾದೀತು.

ಸಣ್ಣ ಕಚೇರಿಗಳೆಲ್ಲ ಗುರುಕುಲಗಳೆಂದು ನಾನು ಹೇಳುತ್ತಿಲ್ಲ. ಮಕ್ಕಳನ್ನು ಹಿಂಡುವ ಮಾಲೀಕರು ಬೇಕಾದಷ್ಟಿದ್ದಾರೆ. ನೇಮಕಾತಿ ಪತ್ರ ಕೊಡದೆ, ಸಂಬಳವನ್ನು ಕೈಯಲ್ಲಿ ಎಣಿಸಿ ಕೊಟ್ಟು, ರಾತ್ರಿ ಒಂಬತ್ತರವರೆಗೆ ಕೂರಿಸುವವರು. ಅಂಥ ಕಡೆ ಒಂದು ವರ್ಷ ಕೆಲಸ ಮಾಡಿದ ಹುಡುಗಿಯೊಬ್ಬಳಿಗೆ ಅನುಭವ ಪತ್ರವೂ ಸಿಗಲಿಲ್ಲ. ಆದ್ದರಿಂದ ಸೇರುವ ದಿನವೇ ಪತ್ರ ಕೇಳಿ. ಸಂಬಳ ಬ್ಯಾಂಕಿಗೇ ಬರಲಿ. ಅದೇ ನಾಳೆ ನಿಮಗೆ ಸಾಕ್ಷಿ. ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆಯಾದರೆ ಭವಿಷ್ಯನಿಧಿ ಇದೆಯೇ ಎಂದು ವಿಚಾರಿಸಿ. ಇನ್ನೂ ಮುಖ್ಯವಾದದ್ದು, ವರ್ಷದ ಕೊನೆಗೆ ನಿಮ್ಮನ್ನೇ ಕೇಳಿಕೊಳ್ಳಿ: ಕಳೆದ ವರ್ಷ ಮಾಡಲಾಗದಿದ್ದ ಯಾವ ಕೆಲಸವನ್ನು ಈ ವರ್ಷ ಒಬ್ಬನೇ ಮಾಡಬಲ್ಲೆ? ಉತ್ತರ ಇಲ್ಲವಾದರೆ ಜಾಗ ಬದಲಿಸಿ.

ಸಿ.ಎ. ದಾರಿಯ ವಿಷಯದಲ್ಲಿ ನನಗೆ ವಿಶೇಷ ಗೌರವವಿದೆ. 1949ರ ಕಾನೂನಿನಿಂದ ಸ್ಥಾಪಿತವಾದ ಆ ಸಂಸ್ಥೆ, ಅನುಭವಿಯೊಬ್ಬರ ಕೈಕೆಳಗೆ ವರ್ಷಗಟ್ಟಲೆ ದುಡಿಯದೆ ಯಾರಿಗೂ ಪದವಿ ಕೊಡುವುದಿಲ್ಲ. ಮೂರು ವರ್ಷವಿದ್ದ ಆ ತರಬೇತಿಯನ್ನು 2023ರಲ್ಲಿ ಎರಡು ವರ್ಷಕ್ಕೆ ಇಳಿಸಿದ್ದಾರೆ; ನನಗೇನೋ ಹಳೆಯದೇ ಚೆನ್ನಾಗಿತ್ತು ಅನಿಸುತ್ತದೆ. ಪರೀಕ್ಷೆ ಬಹಳ ಕಠಿಣ. ಮತ್ತೆ ಮತ್ತೆ ಬರೆದು, ಕೊನೆಯ ಹಂತ ದಾಟದೆ ಬಿಟ್ಟವರನ್ನು ಊರಿನವರು "ಸಿ.ಎ. ಫೇಲ್" ಎಂದು ಕರೆಯುತ್ತಾರೆ. ಎಂಥ ಅನ್ಯಾಯದ ಮಾತು! ಹಾಗೆ ಬಿಟ್ಟ ನನ್ನ ಇಬ್ಬರು ವಿದ್ಯಾರ್ಥಿಗಳು ಇಂದು ಕಂಪನಿಗಳ ಹಣಕಾಸು ವಿಭಾಗಗಳನ್ನು ನಡೆಸುತ್ತಿದ್ದಾರೆ. ಪರೀಕ್ಷೆ ಅವರನ್ನು ಬಿಟ್ಟಿರಬಹುದು, ತರಬೇತಿ ಬಿಡಲಿಲ್ಲ.

ಹಾಗಾದರೆ ಎಂ.ಬಿ.ಎ. ಬೇಡವೆ? ಹಾಗೆಂದು ನಾನೆಂದೂ ಹೇಳಿಲ್ಲ. 1973ರಲ್ಲಿ ಆರಂಭವಾದ ಬೆಂಗಳೂರಿನ ಐ.ಐ.ಎಂ.ನಂಥ ಸಂಸ್ಥೆಯಲ್ಲಿ ಸ್ಥಾನ ಸಿಕ್ಕರೆ ಸಂತೋಷವಾಗಿ ಹೋಗಲಿ. ನಾನೇ ಬಸ್ಸು ಹತ್ತಿಸಿ ಬರುತ್ತೇನೆ. ಆದರೆ ಒಂದು ಸಂಗತಿ ಗಮನಿಸಿ. ಈ ಎಂ.ಬಿ.ಎ. ಪದವಿಯನ್ನು 1908ರಲ್ಲಿ ಮೊದಲಿಗೆ ಶುರುಮಾಡಿದ್ದು ಅಮೆರಿಕದ ಹಾರ್ವರ್ಡ್. ಅಲ್ಲಿಗೆ ಸೇರುವವರಲ್ಲಿ ಹೆಚ್ಚಿನವರು ಆಗಲೇ ಕೆಲವು ವರ್ಷ ದುಡಿದವರು. ಪದವಿಯ ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕುವವರಿಗಾಗಿ ಇರುವ ಅವರ ಯೋಜನೆಯಲ್ಲಿಯೂ ಸ್ಥಾನವನ್ನು ಕಾಯ್ದಿರಿಸಿ, ಕನಿಷ್ಠ ಎರಡು ವರ್ಷ ಕೆಲಸ ಮಾಡಿ ಬನ್ನಿ ಎನ್ನುತ್ತಾರೆ. ಆ ವಿದ್ಯೆಯನ್ನು ಕಂಡುಹಿಡಿದವರೇ ಅನುಭವ ಕೇಳುತ್ತಿರುವಾಗ ನಾವು ಇಪ್ಪತ್ತೊಂದರ ಹುಡುಗನನ್ನು ಟೈ ಕಟ್ಟಿ ಕೂರಿಸಿ ಯಾವ ನಿರ್ವಹಣೆ ಕಲಿಸುತ್ತೇವೆ? ಮೇಲೆ ಹೇಳಿದ ನನ್ನ ವಿದ್ಯಾರ್ಥಿನಿ ಏಳು ವರ್ಷ ದುಡಿದ ಮೇಲೆ, ತನ್ನದೇ ದುಡ್ಡಿನಲ್ಲಿ, ವಾರಾಂತ್ಯದ ತರಗತಿಗಳಿಗೆ ಹೋಗಿ ಎಂ.ಬಿ.ಎ. ಮಾಡಿದಳು. "ಸರ್, ಅಲ್ಲಿ ದುಡಿಯುವ ಬಂಡವಾಳ ಅಂತ ಪಾಠ ಮಾಡಿದರೆ ನನಗೆ ನಮ್ಮ ಕಾರ್ಖಾನೆಗೆ ಮೂರು ತಿಂಗಳಿಂದ ದುಡ್ಡು ಕೊಡದ ಗಿರಾಕಿಯ ಮುಖ ಕಾಣುತ್ತಿತ್ತು. ಪಕ್ಕದಲ್ಲಿದ್ದ ಹೊಸ ಹುಡುಗ ಪರೀಕ್ಷೆಗೆ ಎಷ್ಟು ಅಂಕಕ್ಕೆ ಬರುತ್ತದೆ ಅಂತ ಕೇಳುತ್ತಿದ್ದ" ಎಂದಳು.

ಕೊನೆಯದಾಗಿ, ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ. ಇದನ್ನು ಎತ್ತಿದವನು ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿ. "ಸರ್, ನೀವು ಹೇಳುವ ಆ ಬಿಲ್ಲು ಹಾಕುವ ಕೆಲಸವನ್ನು ಈಗ ಯಂತ್ರವೇ ಮಾಡುತ್ತದೆ. ಬಿಲ್ಲಿನ ಚಿತ್ರ ತೆಗೆದರೆ ಸಾಕು, ಓದಿ ಸರಿಯಾದ ಖಾತೆಗೆ ಸೇರಿಸುತ್ತದೆ. ನಿಮ್ಮ ಬಿ.ಕಾಂ. ಮಕ್ಕಳು ಎಲ್ಲಿ ಕೂರುತ್ತಾರೆ?" ಎಂದು ಕೇಳಿದ. ಅವನ ಮಾತು ನಿಜ. ಕೃತಕ ಬುದ್ಧಿಮತ್ತೆ ಮೊದಲು ನುಂಗುತ್ತಿರುವುದು ಏಣಿಯ ಕೆಳಗಿನ ಮೆಟ್ಟಿಲನ್ನೇ. ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆದರೆ ಯಂತ್ರ ಬರೆದ ಲೆಕ್ಕವನ್ನು ಯಾರಾದರೂ ನೋಡಿ "ಇದು ಸರಿಯಿಲ್ಲ" ಎನ್ನಬೇಕಲ್ಲ. ಡೀಸೆಲಿನ ಬಿಲ್ಲು ಕಾರ್ಖಾನೆಯದೋ ಮಾಲೀಕರ ಮಗನ ಕಾರಿನದೋ ಎಂದು ಅನುಮಾನಪಡಬೇಕಾದರೆ ಆ ಕಾರ್ಖಾನೆಯ ಅಂಗಳದಲ್ಲಿ ಓಡಾಡಿರಬೇಕು. ಅನುಮಾನ ಪಡುವ ಆ ಶಕ್ತಿ ಎರಡು ವರ್ಷದ ಎಂ.ಬಿ.ಎ. ತರಗತಿಯಲ್ಲಿ ಬರುವುದಿಲ್ಲ. ಮೆಟ್ಟಿಲು ಕಿರಿದಾಗುತ್ತಿದೆ ಎಂದ ಮೇಲೆ ಅದರ ಮೇಲೆ ಬೇಗ ಕಾಲಿಡುವುದು ಒಳ್ಳೆಯದೋ, ಎರಡು ವರ್ಷ ತಡವಾಗಿ ಸಾಲದೊಂದಿಗೆ ಬಂದು ಅದೇ ಮೆಟ್ಟಿಲನ್ನು ಹುಡುಕುವುದು ಒಳ್ಳೆಯದೋ?

ಕಳೆದ ತಿಂಗಳು ನನ್ನ ತಂಗಿಯ ಮಗಳು ಫೋನು ಮಾಡಿದ್ದಳು. "ಮಾವ, ಎಲ್ಲರ ಮಕ್ಕಳೂ ಎಂ.ಬಿ.ಎ. ಮಾಡುತ್ತಿದ್ದಾರೆ, ನಮ್ಮವನೊಬ್ಬ ಗುಮಾಸ್ತಿಕೆ ಮಾಡುವುದು ಹೇಗೆ?" ಎಂದು ಅವಳ ಸಂಕಟ. ಹುಡುಗನಿಗೇ ಫೋನು ಕೊಡು ಎಂದೆ. ಅವನಿಗೆ ಶಿವಮೊಗ್ಗದ ಒಬ್ಬ ತೆರಿಗೆ ಸಲಹೆಗಾರರಲ್ಲಿ ಕೆಲಸ ಸಿಗುವ ಹಾಗಿದೆ, ಅವನಿಗೆ ಇಷ್ಟವೂ ಇದೆ, ಅಮ್ಮನಿಗೆ ಹೇಳಲು ಧೈರ್ಯವಿಲ್ಲ. ಅವನ ಪರವಾಗಿ ನಾನೇ ಹೇಳಿದೆ. ಸೋಮವಾರದಿಂದ ಹೋಗುತ್ತಿದ್ದಾನೆ. ಅಮ್ಮ ಇನ್ನೂ ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದಾಳೆ.

ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ ಈಗ ಸ್ವಂತ ಕಚೇರಿ, ಅಂಗಡಿ, ಕಾರ್ಖಾನೆ ನಡೆಸುತ್ತಿರುವವರು ಹತ್ತು ಹನ್ನೆರಡು ಮಂದಿಯಾದರೂ ಇದ್ದೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಪ್ರತಿ ವರ್ಷ ನಮ್ಮ ಊರಿನ ಕಾಲೇಜಿನ ಒಬ್ಬ ಬಿ.ಕಾಂ. ಪದವೀಧರನಿಗೆ ಅಥವಾ ಪದವೀಧರೆಗೆ ನಿಮ್ಮಲ್ಲಿ ಜಾಗ ಕೊಡಿ. ಸಂಬಳ ಎಷ್ಟೆಂದು ಪತ್ರದಲ್ಲಿ ಬರೆದು ಕೊಡಿ, ಆರು ಗಂಟೆಗೆ ಮನೆಗೆ ಕಳಿಸಿ, ಮೊದಲ ವರ್ಷ ಅವರ ತಪ್ಪುಗಳನ್ನು ಸಹಿಸಿಕೊಳ್ಳಿ. ಯಾರು ಯಾವ ತಿಂಗಳಿನಲ್ಲಿ ತೆಗೆದುಕೊಳ್ಳುತ್ತೀರಿ ಎಂದು ನನಗೆ ತಿಳಿಸಿದರೆ ನಾನೇ ಕಾಲೇಜಿಗೆ ಹೋಗಿ ಪ್ರಾಂಶುಪಾಲರಲ್ಲಿ ಹೇಳಿ ಬರುತ್ತೇನೆ. ಬೆಳಗಿನ ವಾಯುವಿಹಾರಕ್ಕೆ ಹೇಗೂ ಆ ದಾರಿಯಲ್ಲೇ ಹೋಗುತ್ತೇನೆ.